ನೀಲಿ ಪಟ್ಟಿಯ ಬಾಟಲಿ

ಮಾರ್ಚ್ 4

ರಿಪೋರ್ಟ್ ಬಂತು. ಡಾಕ್ಟರು ಕಾಗದವನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ಕಡಿಮೆ ಇದೆ, ಆದರೆ ಇಲ್ಲವೇ ಇಲ್ಲ ಅಂತಲ್ಲ ಅಂದರು. ಇರುವ ವೀರ್ಯಾಣುಗಳೂ ಸೋಮಾರಿಗಳಂತೆ. ಮುಂದಕ್ಕೆ ಹೋಗೋದು ಬಿಟ್ಟು ನಿಂತಲ್ಲೇ ಗಿರಕಿ ಹೊಡೆಯುತ್ತವಂತೆ. ಯಜಮಾನನ ಹಾಗೇ ಇವೆ ಅಂತ ಅನ್ನಿಸಿತು.

ಹೆಂಡತಿಯಲ್ಲಿ ಏನೂ ತೊಂದರೆ ಇಲ್ಲ ಅಂತ ಹೋದ ತಿಂಗಳೇ ಗೊತ್ತಾಗಿತ್ತು. ಅಂದರೆ ಮದುವೆಯಾಗಿ ಇಷ್ಟು ವರ್ಷವಾದರೂ ಮಗು ಇಲ್ಲದ್ದಕ್ಕೆ ಕಾರಣ ನಾನೇ. ಹೊಗೆಸೊಪ್ಪು ಬಿಡಬೇಕಂತೆ, ಬಿಗಿ ಬಟ್ಟೆ ಹಾಕಬಾರದಂತೆ, ಹೊತ್ತಿಗೆ ಸರಿಯಾಗಿ ಮಲಗಬೇಕಂತೆ. ಹೊಸ ವೀರ್ಯಾಣು ತಯಾರಾಗೋಕೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕಂತೆ. ಜೂನ್‌ನಲ್ಲಿ ಇನ್ನೊಂದು ಪರೀಕ್ಷೆ. ಸ್ವಲ್ಪ ಏರಿದ್ದರೂ ಸಾಕು, ಮುಂದಿನ ಚಿಕಿತ್ಸೆ ಶುರು ಮಾಡೋಣ ಅಂದರು. ಇಳಿದಿದ್ದರೆ ನಿಮ್ಮದೇ ಮಗು ಅನ್ನೋ ಆಸೆ ಬಿಟ್ಟು ಬೇರೆ ದಾರಿ ಯೋಚಿಸಿ ಅಂತಲೂ ಅಂದರು.

ವಾಪಸು ಬರುವಾಗ ಅವಳು ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ನಮ್ಮಿಬ್ಬರಿಗೆ ಇದೇನು ಹೊಸದಲ್ಲ. ಅವಳು ಶಾಲೆಯ ವ್ಯಾನ್ ಓಡಿಸುತ್ತಾಳೆ, ಬೆಳಕು ಹರಿಯೋ ಮುಂಚೆ ಎದ್ದು ಹೊರಡುತ್ತಾಳೆ. ನಾನು ಏಳೋ ಹೊತ್ತಿಗೆ ಒಲೆ ಮೇಲೆ ತಿಂಡಿ ಮುಚ್ಚಿಟ್ಟಿರುತ್ತೆ. ನಾನು ಸಂಜೆ ಬರೋ ಹೊತ್ತಿಗೆ ಅವಳಿಗೆ ಸುಸ್ತು. ಮನೇಲಿ ಇಬ್ಬರಿದ್ದೀವಿ ಅಂತ ಗೊತ್ತಾಗೋದು ಚಪ್ಪಲಿ ಲೆಕ್ಕ ಹಾಕಿದರೆ ಮಾತ್ರ.

ಮಾರ್ಚ್ 7

ಹೊಗೆಸೊಪ್ಪು ಬಿಟ್ಟು ಮೂರು ದಿನ. ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಿದ್ದೇನೆ. ಇವತ್ತು ಒಂದು ಇಲಿಗೂ ಬೈದೆ.

ಮಾರ್ಚ್ 13

ಕೆಲಸದ ವಿಷಯ ಬರೆಯೋಣ, ಬೇರೆ ಏನು ಬರೆದರೂ ಹೊಟ್ಟೆ ಉರಿಯುತ್ತೆ. ಪ್ರಯೋಗಶಾಲೆಯ ಇಲಿ ಕೋಣೆ ನನ್ನದು. ಪಂಜರ ತೊಳೆಯೋದು, ಮೇವು ನೀರು ಇಡೋದು, ಮೇಡಂ ಹೇಳಿದ ಔಷಧಿಯನ್ನ ಮೊಂಡು ಮೂತಿಯ ಸಿರಿಂಜಿನಲ್ಲಿ ಇಲಿಗಳ ಬಾಯಿಗೆ ಬಿಡೋದು. ಈಗ ನಡೀತಿರೋದು ಒಂದು ಬಳ್ಳಿಯ ರಸದ ಮೇಲೆ. ಅದರ ನಿಜವಾದ ಹೆಸರು ಹೇಳೋಕೆ ನಾಲಿಗೆ ಎರಡು ಸಲ ಹೊರಳಬೇಕು. ನಾವು ಕೆಲಸದವರು ಕಹಿಬಳ್ಳಿ ಅಂತೀವಿ. ಅದರ ಬೇರು, ಎಲೆ, ಬೀಜ ಒಂದೊಂದರ ರಸವನ್ನೂ ಗಂಡು ಇಲಿಗಳಿಗೆ ಕೊಟ್ಟು ಅವುಗಳ ವೀರ್ಯಕ್ಕೆ ಏನಾಗುತ್ತೆ ಅಂತ ನೋಡೋದು. ನನ್ನ ಹಣೆಬರಹ ನೋಡಿ, ಊರಲ್ಲಿರೋ ಕೆಲಸಗಳಲ್ಲಿ ನನಗೆ ಸಿಕ್ಕಿರೋದು ಇದು.

ಬಾಟಲಿಗಳಿಗೆ ಹೆಸರಿಲ್ಲ, ಬಣ್ಣದ ಪಟ್ಟಿ ಇದೆ. ಕೆಂಪು, ನೀಲಿ, ಹಳದಿ, ಬಿಳಿ. ಯಾವುದರಲ್ಲಿ ಏನಿದೆ ಅಂತ ಮೇಡಂಗೆ ಮಾತ್ರ ಗೊತ್ತು. ಮುಂಚೇನೇ ಗೊತ್ತಾದರೆ ನಮ್ಮ ಕಣ್ಣಿಗೆ ನಮಗೆ ಬೇಕಾದ್ದೇ ಕಾಣುತ್ತೆ, ಕೆಲಸ ಮುಗಿಯೋವರೆಗೆ ಕೇಳಬೇಡಿ ಅಂತ ಮೊದಲ ದಿನವೇ ಹೇಳಿದ್ದಾರೆ.

ಸಂಜೆ ಗಂಡಿನ ಪಂಜರಕ್ಕೆ ಹೆಣ್ಣುಗಳನ್ನ ಬಿಡೋದೂ ನಾನೇ, ಬೆಳಗ್ಗೆ ಅವನ್ನ ತೆಗೆದು ಪಕ್ಕದ ಕೋಣೆಗೆ ಕಳಿಸೋದೂ ನಾನೇ. ಪಕ್ಕದ ಕೋಣೆ ನನ್ನದಲ್ಲ. ಅಲ್ಲಿ ಹೆಣ್ಣುಗಳನ್ನ ನೋಡಿಕೊಳ್ಳೋದು, ಸೂಕ್ಷ್ಮದರ್ಶಕದಲ್ಲಿ ಎಣಿಸೋದು ಎಲ್ಲಾ ನಮ್ಮ ಕನ್ನಡಕದ್ದು. ಕನ್ನಡಕ ಅಂದರೆ ಮೇಡಂ ಹತ್ತಿರ ಸಂಶೋಧನೆ ಮಾಡೋ ಹೆಣ್ಣುಮಗಳು. ದಪ್ಪ ಗಾಜು, ಸಣ್ಣ ದನಿ.

ಇವತ್ತು ಕಂಡದ್ದು ಬರೆದಿಡಬೇಕು. ನೀಲಿ ಪಟ್ಟಿಯ ಗಂಡುಗಳ ಹಾರಾಟ ನೋಡೋಕಾಗಲ್ಲ. ಹೆಣ್ಣು ಬಿಟ್ಟ ಕ್ಷಣದಿಂದ ಬೆನ್ನು ಬಿಡಲ್ಲ. ಹಳದಿಯವು ಮೂಲೆಯಲ್ಲಿ ಕೂತು ಮೀಸೆ ತೀಡಿಕೊಳ್ಳುತ್ತವೆ, ನಮ್ಮ ಮನೆಯ ಭಾನುವಾರದ ಹಾಗೆ.

ಮಾರ್ಚ್ 16, ಭಾನುವಾರ

ಅಕ್ಕ ಫೋನ್ ಮಾಡಿದ್ದಳು. ವಾರಕ್ಕೊಂದು ಸಲ ಮಾಡುತ್ತಾಳೆ, ಕೇಳೋದು ಒಂದೇ, ಏನಾದರೂ ವಿಶೇಷ ಇದೆಯಾ ಅಂತ. ನಾನು ಬಚ್ಚಲಲ್ಲಿದ್ದೆ, ಹೆಂಡತಿ ಎತ್ತಿಕೊಂಡಳು. "ನನ್ನಲ್ಲೇ ಏನೋ ತೊಂದರೆ ಇದೆಯಂತೆ ಅತ್ತಿಗೆ, ಔಷಧಿ ತಗೋತಿದೀನಿ" ಅಂದಳು. ಬಾಗಿಲ ಈಚೆ ನನಗೆ ಚೆನ್ನಾಗಿ ಕೇಳಿಸಿತು.

ಹೊರಗೆ ಬಂದು ಏನಾದರೂ ಹೇಳಬೇಕಿತ್ತು. ತಲೆ ಒರೆಸಿಕೊಂಡು ಸೀದಾ ಕೋಣೆಗೆ ಹೋದೆ. ಅವಳು ಯಾಕೆ ಹಾಗಂದಳು? ನನ್ನ ಮೇಲಿನ ಕನಿಕರಕ್ಕೋ, ಅಕ್ಕನ ಬಾಯಿ ಮುಚ್ಚಿಸೋಕೋ? ನನಗೆ ನಾಚಿಕೆಯಾಯಿತು. ಅವಳ ಮೇಲೆ ಸಿಟ್ಟೂ ಬಂತು. ಸಿಟ್ಟು ಯಾಕೆ ಬಂತೋ ಗೊತ್ತಿಲ್ಲ.

ಮಾರ್ಚ್ 17

ನೀಲಿ ಬಾಟಲಿಯ ರಸ ಮನೆಗೆ ತಂದೆ. ಕದ್ದದ್ದಲ್ಲ. ದಿನದ ಕೊನೆಗೆ ತಳದಲ್ಲಿ ಉಳಿದದ್ದನ್ನ ಹೇಗೂ ಚೆಲ್ಲಬೇಕು, ಚೆಲ್ಲೋದು ನಾನೇ. ಕೆಮ್ಮಿನ ಔಷಧಿಯ ಖಾಲಿ ಬಾಟಲಿಗೆ ಬಗ್ಗಿಸಿಕೊಂಡೆ. ಕಹಿಬಳ್ಳಿಯ ಬೇರು ಗಂಡಸರಿಗೆ ಒಳ್ಳೇದು ಅಂತ ಹಳಬರು ಹೇಳ್ತಾರೆ, ನೀಲಿಯಲ್ಲಿರೋದು ಬೇರಿನ ರಸವೇ ಇರಬೇಕು. ವೀರ್ಯ ಹೆಚ್ಚಿಸೋ ವಸ್ತು ಅಂದರೆ ಹೇಗಿರುತ್ತೆ ಅಂತ ಇಲಿಗಳೇ ಕುಣಿದು ತೋರಿಸ್ತಿವೆಯಲ್ಲ, ಇನ್ನು ಮೇಡಂನ ಯಾಕೆ ಕೇಳಬೇಕು?

ಇಲಿಯ ತೂಕ, ನನ್ನ ತೂಕ ಲೆಕ್ಕ ಹಾಕಿದರೆ ದಿನಾ ಲೋಟಗಟ್ಟಲೆ ಕುಡಿಯಬೇಕಾಗುತ್ತೆ. ಒಂದು ಮುಚ್ಚಳ ಸಾಕು ಅಂದುಕೊಂಡೆ. ಥೂ, ಎಂಥಾ ಕಹಿ. ಇಲಿಗಳಿಗೆ ಇಷ್ಟು ದಿನ ಇದನ್ನ ಕುಡಿಸಿದ್ದಕ್ಕೆ ಮನಸ್ಸಲ್ಲೇ ಕ್ಷಮೆ ಕೇಳಿದೆ.

ಹೆಂಡತಿಗೆ ಹೇಳಿಲ್ಲ. ಜೂನ್‌ನಲ್ಲಿ ರಿಪೋರ್ಟ್ ನೋಡಿ ಬೆರಗಾಗಲಿ.

ಮಾರ್ಚ್ 29

ಕೆಲಸ ಮಾಡ್ತಿದೆ! ಬೆಳಗ್ಗೆ ತಾನಾಗೇ ಎಚ್ಚರವಾಗ್ತಿದೆ. ಎದ್ದು ಸುಮ್ಮನೆ ಏನು ಮಾಡೋದು ಅಂತ ಇವತ್ತು ಅವಳ ಜೊತೆ ಕೆಳಗಿಳಿದು ವ್ಯಾನ್ ತೊಳೆದೆ. ಹಿಂದಿನ ಸೀಟಿನ ಸಂದಿಯಲ್ಲಿ ಯಾವುದೋ ಮಗುವಿನ ಒಂಟಿ ಕಾಲುಚೀಲ, ಅರ್ಧ ಕಚ್ಚಿದ ಬಿಸ್ಕತ್ತು, ಮೂರು ಪೆನ್ಸಿಲ್. ಇದು ಯಾರದು, ಅದು ಯಾರದು ಅಂತ ಅವಳು ಒಂದೊಂದಾಗಿ ಹೇಳ್ತಾ ಹೋದಳು. ಕಾಲುಚೀಲದವನು ದಿನಾ ಇಳಿಯೋವಾಗ ಇವಳಿಗೆ ಲೆಕ್ಕ ಒಪ್ಪಿಸಿ ಇಳೀತಾನಂತೆ, ಬ್ಯಾಗು ಇದೆ, ಬಾಟಲಿ ಇದೆ, ನಾನೂ ಇದೀನಿ ಅಂತ. ಇಷ್ಟು ಮಾತು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಔಷಧಿ ನನಗೆ, ಮಾತು ಅವಳಿಗೆ.

ಏಪ್ರಿಲ್ 13, ಭಾನುವಾರ

ಏನು ಬರೆಯಲಿ. ಚೆನ್ನಾಗಿದ್ದೀವಿ. ಬೆಳಗ್ಗೆ ನಾನೇ ತಿಂಡಿ ಮಾಡಿದೆ, ಉಪ್ಪು ಜಾಸ್ತಿಯಾಯಿತು, ಅವಳು ಎರಡು ಚೊಂಬು ನೀರು ಕುಡಿದು ಪೂರ್ತಿ ತಿಂದಳು. ಮಧ್ಯಾಹ್ನ ಬಾಗಿಲು ಹಾಕಿಕೊಂಡೆವು. ಅಕ್ಕನ ಫೋನ್ ಹೊಡೆದುಕೊಂಡೇ ಇತ್ತು, ಇಬ್ಬರೂ ಏಳಲಿಲ್ಲ. ನೀಲಿ ಇಲಿಗಳಿಗೆ ಜೈ.

ಏಪ್ರಿಲ್ 30

ಐದಾರು ದಿನ ಕೆಂಡದಂಥ ಜ್ವರ. ಕೆಲಸಕ್ಕೆ ಹೋಗಿಲ್ಲ, ಬಾಟಲಿ ಮುಟ್ಟಿಲ್ಲ, ಕಹಿ ನೆನೆದರೇ ವಾಂತಿ ಬರೋ ಹಾಗಿತ್ತು. ಅವಳು ಬೇಸಿಗೆ ಶಿಬಿರದ ಎರಡು ಟ್ರಿಪ್ಪಿನ ನಡುವೆ ಓಡಿ ಬಂದು ಹಣೆ ಮುಟ್ಟಿ ನೋಡಿ ಓಡ್ತಿದ್ದಳು. ನಿನ್ನೆ ಸ್ವಲ್ಪ ಇಳೀತು. ಅವಳು ಮಲಗಿದ್ದಾಗ ಎದ್ದು ಪಾತ್ರೆಗಳನ್ನೆಲ್ಲಾ ತೊಳೆದಿಟ್ಟೆ. ಎದ್ದು ಬಂದು ಚೆನ್ನಾಗಿ ಬೈದಳು.

ನಾಳೆಯಿಂದ ಮತ್ತೆ ಬಾಟಲಿ ಶುರು ಮಾಡಬೇಕು. ಇಷ್ಟು ದಿನದ್ದು ನೀರುಪಾಲಾಗಬಾರದು.

ಜೂನ್ 10

ಮಾದರಿ ಕೊಟ್ಟು ಬಂದೆ. ಹೋದ ಸಲ ಆ ಡಬ್ಬಿ ಹಿಡಿದುಕೊಂಡು ಕಳ್ಳನ ಹಾಗೆ ಹೋಗಿದ್ದೆ, ಈ ಸಲ ಎದೆ ಉಬ್ಬಿಸಿಕೊಂಡು ಹೋದೆ. ಕೌಂಟರಿನಲ್ಲಿದ್ದ ಹೆಂಗಸಿಗೆ ನಮಸ್ಕಾರ ಬೇರೆ ಹೇಳಿದೆ. ಪಾಪ, ಆಕೆಗೆ ಏನನ್ನಿಸಿತೋ.

ಜೂನ್ 13

ಇಳಿದಿದೆ.

ಸ್ವಲ್ಪ ಅಲ್ಲ. ಇಡೀ ಗಾಜಿನ ಮೇಲೆ ಹುಡುಕಿದರೆ ಅಲ್ಲೊಂದು ಇಲ್ಲೊಂದು ಅನ್ನೋ ಹಾಗಿದೆಯಂತೆ. ಮೊದಲೇ ಹೇಳಿದ್ದೆನಲ್ಲ, ಇನ್ನು ಬೇರೆ ದಾರಿ ನೋಡಿ ಅಂದರು ಡಾಕ್ಟರು. ನನ್ನ ಕಿವಿಗೆ ಏನೂ ಬೀಳಲಿಲ್ಲ. ಇದು ಹೇಗೆ ಸಾಧ್ಯ? ಕುದುರೆಯ ಹಾಗಿದ್ದೀನಿ. ಹೊಗೆಸೊಪ್ಪು ಬಿಟ್ಟಿದ್ದೀನಿ. ಬಿಗಿ ಬಟ್ಟೆಯೆಲ್ಲಾ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದೀನಿ. ಯಾರದೋ ಡಬ್ಬಿ ನನ್ನದರ ಜೊತೆ ಅದಲುಬದಲಾಗಿರಬೇಕು. ಇಲ್ಲಾ ನಾನು ಕುಡಿದದ್ದು ಸಾಲದೇನೋ. ನಾಳೆಯಿಂದ ಎರಡು ಮುಚ್ಚಳ.

ಜೂನ್ 15, ಭಾನುವಾರ

ಬೆಳಗ್ಗೆ ವ್ಯಾನ್ ಒರೆಸುತ್ತಾ ಅವಳು ನಿಧಾನವಾಗಿ ಹೇಳಿದಳು. "ಸಾಕು ಬಿಡ್ರಿ. ಮಗು ಆದರೆ ಆಗಲಿ, ಇಲ್ಲದಿದ್ದರೆ ಇಲ್ಲ. ಈ ಮೂರು ತಿಂಗಳು ನೀವು ನನಗೆ ಸಿಕ್ಕಿದ್ರಿ. ನನಗೆ ಅಷ್ಟು ಸಾಕು."

ಖುಷಿಯಾಗಬೇಕಿತ್ತು. ಸಿಕ್ಕಿದ್ದು ನಾನೋ, ನೀಲಿ ಬಾಟಲಿಯೋ? ಹೇಳಿಬಿಡೋಣ ಅಂತ ಬಾಯಿ ತೆರೆದೆ, ಟಯರಿಗೆ ಗಾಳಿ ಕಡಿಮೆಯಿದೆ ಅಂದೆ.

ಜೂನ್ 21

ಇಲಿಗಳ ಕೆಲಸ ಮುಗಿಯಿತು ಅಂತ ಮೇಡಂ ಎಲ್ಲರನ್ನೂ ಕರೆದು ಬಣ್ಣ ಬಿಡಿಸಿ ಹೇಳಿದರು. ಕೆಂಪು ಬೇರಿನ ರಸ, ವೀರ್ಯ ಹೆಚ್ಚಿದೆ. ಹಳದಿ ಎಲೆ, ಏನೂ ವ್ಯತ್ಯಾಸವಿಲ್ಲ. ಬಿಳಿ ಬರೀ ನೀರು. ನೀಲಿ ಬೀಜದ್ದು.

ಆಮೇಲೆ ಕನ್ನಡಕ ಎದ್ದು ನಿಂತು ಆ ಸಣ್ಣ ದನಿಯಲ್ಲಿ ಓದಿದಳು. ನೀಲಿ ಗಂಡುಗಳ ಜೊತೆ ಬಿಟ್ಟ ಹೆಣ್ಣುಗಳಲ್ಲಿ ಒಂದೂ ಮರಿ ಹಾಕಿಲ್ಲ. ಒಂದೇ ಒಂದೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡಸರಿಗೆ ಮಕ್ಕಳಾಗದ ಹಾಗೆ ತಡೆಯೋ ಮಾತ್ರೆಗೆ ಇದರಿಂದ ದಾರಿಯಾಗಬಹುದಂತೆ. ಅದಕ್ಕೇ ಬೀಜವನ್ನೂ ಸೇರಿಸಿದ್ದರಂತೆ. ನಾನೂ ಚಪ್ಪಾಳೆ ತಟ್ಟಿದೆ. ಕೈಗಳು ತಾವಾಗೇ ತಟ್ಟಿದವು.

ಮರಿಗಳು ಹುಟ್ಟೋದು ಪಕ್ಕದ ಕೋಣೆಯಲ್ಲಿ. ಇಷ್ಟು ದಿನದಲ್ಲಿ ಒಂದು ಸಲ ಆ ಬಾಗಿಲು ತಳ್ಳಿ ನೋಡಿದ್ದರೆ ಸಾಕಿತ್ತು. ನನ್ನ ಕೋಣೆಯ ಕುಣಿತ ನೋಡಿ ಮರುಳಾದೆ.

ಎಲ್ಲರೂ ಹೋದ ಮೇಲೆ ಮೇಡಂನ ಕೇಳಿದೆ, ಇಷ್ಟು ಹಾರಾಡೋ ಇಲಿಗೆ ಮರಿ ಯಾಕಾಗಲಿಲ್ಲ ಅಂತ. ಆಸೆ ಬೇರೆ, ವೀರ್ಯ ಬೇರೆ, ಎರಡಕ್ಕೂ ಸಂಬಂಧವೇ ಇರಬೇಕಂತಿಲ್ಲ ಅಂದರು. ಕೊಡೋದು ನಿಲ್ಲಿಸಿದರೆ ಮತ್ತೆ ಸರಿಹೋಗುತ್ತಾ ಅಂದೆ. ಬೇರೆ ಕಡೆ ನೋಡಿದ ಇಲಿಗಳಲ್ಲಿ ಬಹಳಷ್ಟಕ್ಕೆ ಸರಿಹೋಗಿದೆ, ಮನುಷ್ಯರ ಮೇಲೆ ಯಾರೂ ನೋಡಿಲ್ಲ ಅಂದರು. ಯಾಕೆ ಕೇಳ್ತಿದೀಯ ಅಂದರು. ಸುಮ್ಮನೆ ಅಂದೆ.

ಜೂನ್ 22, ಭಾನುವಾರ

ಹೇಳಿಬಿಟ್ಟೆ. ಎಲ್ಲಾ ಹೇಳಿದೆ, ಬಚ್ಚಲಲ್ಲಿ ನಿಂತು ಅಕ್ಕನ ಫೋನಿನ ಮಾತು ಕೇಳಿಸಿಕೊಂಡದ್ದನ್ನೂ ಹೇಳಿದೆ. ಬೈತಾಳೆ, ಅಳ್ತಾಳೆ, ತವರಿಗೆ ಹೋಗ್ತೀನಿ ಅಂತಾಳೆ ಅಂತ ಎಲ್ಲಕ್ಕೂ ತಯಾರಾಗಿದ್ದೆ. ಅವಳು ಆ ಕೆಮ್ಮಿನ ಬಾಟಲಿಯನ್ನ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿದಳು.

"ಹಾಗಾದ್ರೆ ಮೂರು ತಿಂಗಳು ನನ್ನ ಜೊತೆ ಇದ್ದದ್ದು ಯಾರು?" ಅಂದಳು. "ನೀವೋ, ಇದೋ?"

ನನಗೆ ಗೊತ್ತಿಲ್ಲ ಅಂದೆ. ಸುಳ್ಳು ಹೇಳಬಹುದಿತ್ತು. ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ.

"ನನಗೆ ಗೊತ್ತಾಗಬೇಕು" ಅಂದಳು. "ಮಗುವಿನ ಮಾತು ಆಮೇಲೆ."

ಬಾಟಲಿಯನ್ನ ಅವಳೇ ಬಚ್ಚಲಿಗೆ ಸುರಿದಳು. ಮನೆಯೆಲ್ಲಾ ಕಹಿ ವಾಸನೆ.

ಜೂನ್ 26

ಅವಳ ಬಲವಂತಕ್ಕೆ ಡಾಕ್ಟರ ಹತ್ತಿರ ಹೋಗಿ ಒಪ್ಪಿಕೊಂಡೆ. ಮೊದಲು ಬೈದರು, ಆಮೇಲೆ ನಗು ತಡೆಯೋಕಾಗದೆ ಕಿಟಕಿ ಕಡೆ ತಿರುಗಿಕೊಂಡರು. ಒಂದು ಮುಚ್ಚಳ ರಸದಿಂದ ಇಷ್ಟಾಗುತ್ತಾ ಅಂತ ಕೇಳಿದೆ. ಆಗಿರಬಹುದು, ಆಗದೇನೂ ಇರಬಹುದು ಅಂದರು. ಏಪ್ರಿಲ್‌ನಲ್ಲಿ ಜ್ವರ ಬಂದಿತ್ತಲ್ಲ, ಅಂಥ ಜ್ವರಕ್ಕೂ ವೀರ್ಯಾಣು ಹೀಗೆ ಇಳಿದುಬಿಡುತ್ತಂತೆ. ಹಾಗಾದರೆ ಬಾಟಲಿಯೋ ಜ್ವರವೋ? ಹೇಳೋಕಾಗಲ್ಲ, ಸೆಪ್ಟೆಂಬರ್‌ವರೆಗೆ ಕಾಯಿರಿ, ದಮ್ಮಯ್ಯ ಅಂತೀನಿ, ಇನ್ನೇನೂ ಕುಡಿಯಬೇಡಿ ಅಂದರು.

ಅವರೂ ಅಡ್ಡಗೋಡೆ ಮೇಲೆ ದೀಪ ಇಟ್ಟರು. ನನ್ನ ತಲೆ ಕೆಟ್ಟು ಕೆರ ಹಿಡಿದಿದೆ. ಆ ರಸ ನನಗೆ ಏನು ಮಾಡಿತು, ಏನು ಮಾಡಲಿಲ್ಲ, ಒಂದೂ ತಿಳಿಯದು.

ಜುಲೈ 6, ಭಾನುವಾರ

ಈಗ ಮನೆಯಲ್ಲಿ ನಾನೇ ಪಂಜರದ ಇಲಿ, ಅವಳು ಮೇಡಂ. ಎದ್ದರೆ ನೋಡುತ್ತಾಳೆ, ಕೂತರೆ ನೋಡುತ್ತಾಳೆ. ಬಾಯಿಬಿಟ್ಟು ಏನೂ ಕೇಳಲ್ಲ. ಇವತ್ತು ನಗುನಗುತ್ತಾ ಹೋಗಿ ಸೊಂಟ ಬಳಸಿದೆ. ನಾಟಕ ಬೇಡ ಅಂದಳು. ನಾಟಕವೇ ಆಗಿತ್ತು, ಅದು ಅವಳಿಗೆ ಹೇಗೆ ಗೊತ್ತಾಯಿತು?

ಮೈಯಲ್ಲಿ ಮುಂಚಿನ ಉತ್ಸಾಹ ಇಲ್ಲ. ಇದೆಯೇನೋ, ಗಮನಿಸಿದ ಕೂಡಲೇ ಓಡಿಹೋಗುತ್ತೆ. ಪ್ರತಿ ಸಲ ಅವಳ ಹತ್ತಿರ ಹೋಗಬೇಕು ಅನ್ನಿಸಿದಾಗಲೂ ಇದು ನಾನಾ ಅಂತ ನನ್ನನ್ನೇ ಕೇಳಿಕೊಳ್ತೀನಿ. ಕೇಳಿಕೊಂಡು ಮುಗಿಸೋ ಹೊತ್ತಿಗೆ ಅವಳು ಇನ್ನೊಂದು ಕೋಣೆಯಲ್ಲಿರುತ್ತಾಳೆ.

ಒಂದೊಂದು ಸಲ ಕೆಟ್ಟ ಯೋಚನೆಯೂ ಬರುತ್ತೆ. ಪ್ರಯೋಗಶಾಲೆಯ ಫ್ರಿಜ್ಜಿನಲ್ಲಿ ನೀಲಿ ಪಟ್ಟಿಯದು ಇನ್ನೂ ಒಂದು ಬಾಟಲಿ ಇದೆ. ಕುಡಿದರೆ ಹೆಂಡತಿ ಸಿಗುತ್ತಾಳೆ, ಮಗು ಇಲ್ಲ. ಕುಡಿಯದಿದ್ದರೆ ಮಗು ಸಿಗಬಹುದು, ಆದರೆ ಅವಳು ಸಿಗುತ್ತಾಳೋ ಇಲ್ಲವೋ. ಇಂಥ ಇಕ್ಕಟ್ಟು ನನ್ನ ಶತ್ರುವಿಗೂ ಬೇಡ. ಭಯವಾಗುತ್ತಿದೆ.

ಜುಲೈ 8

ಆ ಬಾಟಲಿಯನ್ನ ಮೇಡಂ ಎದುರೇ ಚೆಲ್ಲಿದೆ. ಅವರು ಇನ್ನೂ ಬೇಕಿತ್ತು ಅದು ಅಂತ ಬೈದರು. ಬೈಸಿಕೊಂಡೆ.

ಜುಲೈ 29

ದರಿದ್ರ ದಿನ. ಬೆಳಗ್ಗೆ ಅವಳ ಜೊತೆ ಜಗಳ. ಚಿಲ್ಲರೆ ವಿಷಯ, ನಾನು ಒದ್ದೆ ಟವಲನ್ನ ಹಾಸಿಗೆ ಮೇಲೆ ಎಸೆದೆ ಅಂತ. ನಾನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ, ಇಬ್ಬರೂ ಮುಖ ಊದಿಸಿಕೊಂಡು ಹೊರಟೆವು. ಕೆಲಸದಲ್ಲಿ ಹೊಸ ಇಲಿಗಳು ಬಂದಿವೆ. ಅದರಲ್ಲೊಂದು ಹೆಬ್ಬೆರಳು ಕಚ್ಚಿತು. ಸೊಂಟ ನೋವು. ಯಾರ ಮುಖವನ್ನೂ ನೋಡಬಾರದು, ಮನೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಬೇಕು ಅನ್ನಿಸಿತ್ತು.

ಮಧ್ಯಾಹ್ನ ಚಹಾದ ಹೊತ್ತಿಗೆ ಲೋಟ ಬಾಯಿಗಿಡೋಕೆ ಮುಂಚೆ ಕನ್ನಡಕ ಬಂದಳು. ಬರೋ ದಾರಿಯಲ್ಲಿ ಸೇತುವೆ ಹತ್ತಿರ ಒಂದು ಶಾಲಾ ವ್ಯಾನ್ ಕೆಟ್ಟು ನಿಂತಿದೆ, ಹೆಂಗಸೊಬ್ಬರು ಒಬ್ಬರೇ ಒದ್ದಾಡ್ತಿದ್ದಾರೆ ಅಂದಳು. ಯಾರ ವ್ಯಾನ್, ಯಾವ ಬಣ್ಣ ಅಂತ ಕೇಳಲೂ ಇಲ್ಲ ನಾನು, ಲೋಟ ಇಟ್ಟು ಹೊರಟೆ. ಬಸ್ಸಿಗೆ ಕಾಯೋ ತಾಳ್ಮೆ ಇರಲಿಲ್ಲ, ಆ ಬಿಸಿಲಲ್ಲಿ ಓಡಿದೆ. ದಾರಿಯುದ್ದಕ್ಕೂ ಅವಳನ್ನ ಬೈಕೊಂಡೇ ಹೋದೆ. ಗಾಡಿ ಕೆಟ್ಟರೆ ನನಗೊಂದು ಫೋನ್ ಮಾಡಬಾರದಾ? ನಾನೇನು ಸತ್ತಿದ್ದೀನಾ? ಟವಲಿನ ಸಿಟ್ಟನ್ನ ಇಲ್ಲೀವರೆಗೆ ತರಬೇಕಾ?

ಅವಳದೇ ಗಾಡಿ. ಒಳಗೆ ತುಂಬಾ ಮಕ್ಕಳು, ಅರ್ಧ ಅಳೋವು, ಅರ್ಧ ಹಾಡೋವು. ಅವಳು ಬೆವರಿನಲ್ಲಿ ಸ್ನಾನ ಮಾಡಿದ್ದಳು. ನನ್ನನ್ನ ಕಂಡವಳೇ ಹೋಗಿ ಸ್ಟೇರಿಂಗ್ ಹಿಡಿದು ಕೂತಳು. ನಾನು ಹಿಂದಿನಿಂದ ತಳ್ಳಿದೆ. ಒಂದು ಸಲಕ್ಕಾಗಲಿಲ್ಲ, ಎರಡು ಸಲಕ್ಕಾಗಲಿಲ್ಲ. ಆ ಮಕ್ಕಳದು ಒಳಗಿಂದ ಇನ್ನೂ ಜೋರು ಇನ್ನೂ ಜೋರು ಅಂತ ಕೂಗು ಬೇರೆ. ಕೊನೆಗೆ ಹೊಗೆಯುಗುಳಿ ಶುರುವಾಯಿತು, ಆ ಹೊಗೆಯೆಲ್ಲಾ ನನ್ನ ಬಾಯಿಗೆ. ಓಡಿ ಹೋಗಿ ಮುಂದೆ ಹತ್ತಿಕೊಂಡೆ. ಸಿಟ್ಟು ಇಳಿದಿರಲಿಲ್ಲ, ಅದನ್ನ ಅವಳಿಗೆ ಹೇಳಿದೆ ಕೂಡ.

ಮಕ್ಕಳನ್ನೆಲ್ಲಾ ಅವರವರ ಮನೆ ಮುಟ್ಟಿಸಿದೆವು. ಕೊನೆಯವನು ಇಳಿದ ಮೇಲೆ ಅವಳು ಕೇಳಿದಳು, "ಇವತ್ತು ಏನು ಕುಡಿದಿದ್ರಿ?"

ಏನೂ ಇಲ್ಲ ಅಂದೆ. "ಮಧ್ಯಾಹ್ನದ ಚಹಾನೂ ಕುಡಿಯೋಕಾಗಲಿಲ್ಲ ನಿನ್ನ ದೆಸೆಯಿಂದ. ತಲೆ ಸಿಡೀತಿದೆ."

ಅವಳು ಗಾಡಿಯನ್ನ ರಸ್ತೆ ಬದಿಗೆ ತಂದು ನಿಲ್ಲಿಸಿ ಸ್ಟೇರಿಂಗ್ ಮೇಲೆ ಹಣೆಯಿಟ್ಟಳು. ಭುಜ ಅಲುಗುತ್ತಿತ್ತು. ಅಳ್ತಿದೀಯಾ ಅಂದೆ. ಇಲ್ಲ ಅಂದಳು. ನಗ್ತಿದೀಯಾ ಅಂದೆ. ಅದಕ್ಕೂ ಇಲ್ಲ ಅಂದಳು. ಎಂಜಿನ್ ಮಾತ್ರ ಆರಿಸಬೇಡ, ಮತ್ತೆ ತಳ್ಳೋ ಶಕ್ತಿ ನನಗಿಲ್ಲ ಅಂದೆ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಸೀದಾ ಒಂದು ಚಹಾದಂಗಡಿ ಮುಂದೆ ನಿಲ್ಲಿಸಿದಳು. ಗಾಡಿಯಲ್ಲೇ ಕೂತು ಕುಡಿದೆವು. ಸೆಪ್ಟೆಂಬರ್ ಪರೀಕ್ಷೆಗೆ ಇಬ್ಬರೂ ಹೋಗೋಣ, ಏನೇ ಬಂದರೂ ಬರಲಿ ಅಂದಳು. ನಾನು ಹೂಂ ಅಂದೆ. ಲೋಟ ಖಾಲಿಯಾಗೋವರೆಗೂ ನನ್ನನ್ನೇ ನೋಡ್ತಾ ಇದ್ದಳು, ಕಣ್ಣು ಕೀಳದೆ. ಮುಖಕ್ಕೆ ಗ್ರೀಸ್ ಮೆತ್ತಿಕೊಂಡಿರಬೇಕು ಅಂತ ತೋಳಿನಿಂದ ಒರೆಸಿಕೊಂಡೆ.